ಕಾರ್ಸ್ಟೆನ್ ನೀಬೂರನ ಅರೇಬಿಯಾ ಸಂಚಾರವೂ ಡೆನ್ಮಾರ್ಕಿನ ಅರಸನ ದ್ರವ್ಯಸಹಾಯವೂ

ಭೂಗೋಳಶಾಸ್ತ್ರವು ಮನೆಯೊಳಗೆ ಕುಳಿತು ಕಲಿತು ಮುಗಿಸತಕ್ಕ ವಿದ್ಯೆಯಲ್ಲ. ಗ್ರಂಥದಲ್ಲಿ ಓದಿದ ನದಿಯನ್ನೂ ಬೆಟ್ಟವನ್ನೂ ಕಣ್ಣಾರೆ ಕಂಡು, ಅಳೆದು, ಬರೆದುಕೊಂಡು ಬಂದ ಹೊರತು ಅದು ಕೈವಶವಾಗದೆಂಬುದನ್ನು ಆ ಶಾಸ್ತ್ರದ ಅಧ್ಯಾಪಕರೆಲ್ಲರೂ ಒಪ್ಪುವರು. ಆದರೆ ಪರದೇಶಕ್ಕೆ ಹೋಗಿ ಅಳೆಯಬೇಕಾದರೆ ದ್ರವ್ಯವು ಬೇಕು. ವಿದ್ಯಾರ್ಥಿಯ ಕೈಯಲ್ಲಿ ದ್ರವ್ಯವಿರುವುದು ಅಪೂರ್ವ. ಸಂಚಾರಗಳ ಚರಿತ್ರೆಯನ್ನು ಬರೆದವರು ಯಾರು ಹೋದರು, ಎಲ್ಲಿಗೆ ಹೋದರು, ಏನನ್ನು ಕಂಡರು ಎಂಬುದನ್ನು ವಿಸ್ತಾರವಾಗಿ ಹೇಳುತ್ತಾರೆ. ಹಣವನ್ನು ಕೊಟ್ಟವರು ಯಾರು, ಯಾವ ಕರಾರಿನ ಮೇಲೆ ಕೊಟ್ಟರು, ಯಾವಾಗ ಕೈ ಬಿಟ್ಟರು ಎಂಬುದು ಅಡಿಟಿಪ್ಪಣಿಯ ಪಾಲಾಗುತ್ತದೆ. ಇದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಡೆನ್ಮಾರ್ಕಿನ ಅರಸನ ವೆಚ್ಚದಲ್ಲಿ ೧೭೬೧ರಿಂದ ೧೭೬೭ರ ವರೆಗೆ ನಡೆದ ಅರೇಬಿಯಾ ಸಂಚಾರವನ್ನು ಈ ದೃಷ್ಟಿಯಿಂದ ಪರಿಶೀಲಿಸಿದರೆ, ಆ ಕಾರ್ಯವು ಫಲಿಸಿದುದಕ್ಕೂ ಅರೆಬರೆಯಾಗಿ ಉಳಿದುದಕ್ಕೂ ಕಾರಣವು ಪ್ರಯಾಣದ ಖರ್ಚಿನಲ್ಲಿ ಅಷ್ಟಾಗಿ ಇರಲಿಲ್ಲ, ಹೊರಡುವುದಕ್ಕೆ ಮೊದಲು ಮಾಡಿದ ಖರ್ಚಿನಲ್ಲಿಯೂ ಹಿಂದಿರುಗಿದ ಮೇಲೆ ಮಾಡಬೇಕಾಗಿದ್ದ ಖರ್ಚಿನಲ್ಲಿಯೂ ಇದ್ದಿತೆಂದು ತೋರುತ್ತದೆ.

ಕಾರ್ಸ್ಟೆನ್ ನೀಬೂರನು ಹುಟ್ಟಿದುದು ೧೭೩೩ರಲ್ಲಿ, ಉತ್ತರ ಜರ್ಮನಿಯ ಹಾಡೆಲ್ನ್ ಸೀಮೆಯ ಒಂದು ಹಳ್ಳಿಯಲ್ಲಿ, ಒಕ್ಕಲುತನದ ಮನೆಯಲ್ಲಿ. ಬಾಲ್ಯದಲ್ಲಿಯೇ ತಾಯಿಯನ್ನೂ ಹದಿಹರೆಯದಲ್ಲಿ ತಂದೆಯನ್ನೂ ಕಳೆದುಕೊಂಡನು. ಆ ಸೀಮೆಯಲ್ಲಿ ಜಮೀನಿನ ಅಳತೆಯ ವಿಷಯವಾಗಿ ಒಂದು ವ್ಯಾಜ್ಯವು ಹುಟ್ಟಿ, ಅಳೆಯಬಲ್ಲವರು ಸ್ಥಳದಲ್ಲಿ ಒಬ್ಬರೂ ಇಲ್ಲದೆ ಹೋದುದರಿಂದ, ತಾನೇ ಆ ವಿದ್ಯೆಯನ್ನು ಕಲಿತು ಬರುವೆನೆಂದು ಅವನು ಹೊರಟನೆಂದು ಅವನ ಮಗನು ಬರೆದಿರುವ ಚರಿತ್ರೆಯಿಂದ ತಿಳಿಯುತ್ತದೆ. ಈ ಮಗನೇ ರೋಮಿನ ಇತಿಹಾಸವನ್ನು ಬರೆದು ಪ್ರಸಿದ್ಧನಾದ ಬಾರ್ತೋಲ್ಡ್ ಗೇಯೋರ್ಗ್ ನೀಬೂರ್. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಹ್ಯಾಂಬರ್ಗ್ ಪಟ್ಟಣದಲ್ಲಿ ಗಣಿತವನ್ನು ಆರಂಭಿಸಿ, ೧೭೫೭ರಲ್ಲಿ ಅವನು ಗಟ್ಟಿಂಗೆನ್ ವಿಶ್ವವಿದ್ಯಾನಿಲಯವನ್ನು ಸೇರಿದನು. ಪಿತ್ರಾರ್ಜಿತವು ಅಲ್ಪವಾಗಿದ್ದು ಅದೂ ಕರಗುತ್ತ ಬಂದಿತ್ತು. ಮರುವರ್ಷ ಗಣಿತದ ಉಪಾಧ್ಯಾಯನಾದ ಕೆಸ್ಟ್ನರನು ಅವನ ಬಳಿಗೆ ಬಂದು, ಅರೇಬಿಯಾಕ್ಕೆ ಹೋಗುವ ಮನಸ್ಸುಂಟೇ ಎಂದು ಕೇಳಿದನಂತೆ. ಖರ್ಚನ್ನು ಕೊಡುವವರಿದ್ದರೆ ಏಕೆ ಹೋಗಬಾರದೆಂದು ನೀಬೂರನು ಉತ್ತರ ಕೊಟ್ಟನು. ಖರ್ಚನ್ನು ಡೆನ್ಮಾರ್ಕಿನ ಅರಸನು ಕೊಡುವನೆಂದು ಕೆಸ್ಟ್ನರನು ಹೇಳಿದನು. ಈ ಸಂಭಾಷಣೆಯನ್ನು ಚರಿತ್ರಕಾರರು ವಿನೋದಕ್ಕಾಗಿ ಹೇಳುವುದುಂಟು. ನಮಗೆ ಇದರಲ್ಲಿ ವಿನೋದಕ್ಕಿಂತ ಹೆಚ್ಚಿನದು ಕಾಣುತ್ತದೆ. ವಿದ್ಯಾರ್ಥಿಯು ಕೇಳಿದುದು ದೂರವನ್ನಲ್ಲ, ಅಪಾಯವನ್ನಲ್ಲ. ಹಣ ಕೊಡುವವರು ಯಾರೆಂಬುದೊಂದನ್ನೇ.

ಡೆನ್ಮಾರ್ಕಿನ ಅರಸನು ಹಣ ಕೊಡುವುದಕ್ಕೆ ಒಪ್ಪಿದ ಬಗೆಯನ್ನು ಇಲ್ಲಿ ಹೇಳಬೇಕು. ಗಟ್ಟಿಂಗೆನ್ನಿನಲ್ಲಿ ಪೌರಸ್ತ್ಯ ಭಾಷೆಗಳ ಪಂಡಿತನಾಗಿದ್ದ ಯೋಹಾನ್ ಡಾವಿಡ್ ಮಿಖಾಯೆಲಿಸನಿಗೆ ಹೀಬ್ರೂ ಧರ್ಮಗ್ರಂಥದಲ್ಲಿ ಹೇಳಿರುವ ಗಿಡ, ಪ್ರಾಣಿ, ಆಚಾರಗಳಲ್ಲಿ ಹಲವು ಇನ್ನೂ ಅರೇಬಿಯಾದಲ್ಲಿ ಜೀವಂತವಾಗಿ ಉಳಿದಿರಬಹುದೆಂಬ ನಂಬಿಕೆಯಿತ್ತು. ೧೭೫೬ರಲ್ಲಿ ಅವನು ಡೆನ್ಮಾರ್ಕಿನ ಮಂತ್ರಿಯಾದ ಬೆರ್ನ್‌ಸ್ಟೋರ್ಫನಿಗೆ ಈ ವಿಷಯವಾಗಿ ಬಿನ್ನವಿಸಿಕೊಂಡನು. ಡೆನ್ಮಾರ್ಕಿಗೇ ಬರೆದುದಕ್ಕೆ ಒಂದು ಕಾರಣವು ನಮ್ಮ ದಕ್ಷಿಣದೇಶದಲ್ಲಿದೆ. ಚೋಳಮಂಡಲದ ಕರಾವಳಿಯ ತರಂಗಂಬಾಡಿಯು ೧೬೨೦ರಿಂದ ಡೇನರ ವಶದಲ್ಲಿದ್ದಿತು. ೧೭೦೬ರಿಂದ ಅಲ್ಲಿ ಅವರ ಧರ್ಮಪ್ರಚಾರಕರೂ ನೆಲಸಿದ್ದರು. ತರಂಗಂಬಾಡಿಯಿಂದ ಅರೇಬಿಯಾಕ್ಕೆ ಒಬ್ಬ ವಿದ್ವಾಂಸನನ್ನು ಕಳುಹಿಸಬಹುದೆಂಬುದು ಮಿಖಾಯೆಲಿಸನ ಮೊದಲ ಆಲೋಚನೆ. ಒಬ್ಬನನ್ನು ಕಳುಹಿಸುವ ಈ ಅಲ್ಪವೆಚ್ಚದ ಯೋಜನೆಯು ಬರಬರುತ್ತ ಬೆಳೆದು, ಭಾಷಾಪಂಡಿತನೊಬ್ಬ, ಪ್ರಕೃತಿಶಾಸ್ತ್ರಜ್ಞನೊಬ್ಬ, ಗಣಿತಜ್ಞನೊಬ್ಬ, ವೈದ್ಯನೊಬ್ಬ, ಚಿತ್ರಕಾರನೊಬ್ಬ, ಪರಿಚಾರಕನೊಬ್ಬ ಹೀಗೆ ಆರು ಜನರ ತಂಡವಾಯಿತು. ಮಾರ್ಗವೂ ಕಾನ್‌ಸ್ಟಾಂಟಿನೋಪಲ್ ಮತ್ತು ಈಜಿಪ್ಟಿನ ಮೂಲಕವೆಂದು ಬದಲಾಯಿತು. ಅರಸನಾದ ಐದನೆಯ ಫ್ರೆಡರಿಕ್ಕನ ಬೊಕ್ಕಸದಿಂದ ಇಷ್ಟಕ್ಕೂ ಹಣವು ದೊರೆಯಿತು. ಇದರಲ್ಲಿ ಅರಸನಿಗೂ ಮಂತ್ರಿಗೂ ಕೀರ್ತಿಯ ಆಶೆಯಿತ್ತೆಂಬುದು ನಿಸ್ಸಂದೇಹ. ಆದರೆ ನಾಡನ್ನು ಗೆಲ್ಲುವ ಉದ್ದೇಶವಾಗಲಿ ವ್ಯಾಪಾರದ ಕೋಠಿಯನ್ನು ತೆರೆಯುವ ಉದ್ದೇಶವಾಗಲಿ ಮುಂದೆ ನಿಂತಿರಲಿಲ್ಲ. ಆ ಶತಮಾನದಲ್ಲಿ ಇದು ಸಾಮಾನ್ಯವಾದ ಮಾತಲ್ಲ.

ಅದಕ್ಕೆ ಮುಂಚೆ ವಿದ್ಯಾರ್ಥಿಗಳು ಪರದೇಶಗಳಿಗೆ ಹೇಗೆ ಹೋಗುತ್ತಿದ್ದರೆಂಬುದನ್ನು ನೋಡಿದರೆ ಈ ಸಹಾಯದ ಬೆಲೆಯು ತಿಳಿಯುತ್ತದೆ. ನೆರೆಯ ಸ್ವೀಡನ್ ದೇಶದಲ್ಲಿ ಉಪ್ಸಾಲದ ಲಿನ್ನೇಯಸನು ತನ್ನ ಶಿಷ್ಯರನ್ನು ದಿಕ್ಕುದಿಕ್ಕಿಗೆ ಅಟ್ಟುತ್ತಿದ್ದನು. ಅವನೇ ೧೭೩೨ರಲ್ಲಿ ಉಪ್ಸಾಲದ ವಿದ್ವತ್ಸಂಘದ ಸಹಾಯಧನದಿಂದ ಲ್ಯಾಪ್‌ಲೆಂಡನ್ನು ಸುತ್ತಿ ಬಂದವನು. ಆದರೆ ಶಿಷ್ಯರಿಗೆ ಕೊಡುವಷ್ಟು ಹಣವು ಅವನ ಕೈಯಲ್ಲಿರಲಿಲ್ಲ. ಆದುದರಿಂದ ಸ್ವೀಡನ್ನಿನ ಈಸ್ಟ್ ಇಂಡಿಯಾ ಕಂಪೆನಿಯ ಹಡಗುಗಳಲ್ಲಿ ಪಾದ್ರಿಯ ಕೆಲಸವನ್ನು ಕೊಡಿಸಿ, ಆ ನೆಪದಿಂದ ಅವರನ್ನು ಕಳುಹಿಸುವ ಉಪಾಯವನ್ನು ಹಿಡಿದನು. ಹೀಗೆ ಹೊರಟ ಮೊದಲನೆಯವನಾದ ಟೇರ್ನ್‌ಸ್ಟ್ರೋಮನು ೧೭೪೬ರಲ್ಲಿ ಪುಲೋ ಕಾಂಡೋರ್ ದ್ವೀಪದಲ್ಲಿ ತೀರಿಕೊಂಡನು. ಅವನ ವಿಧವೆಯು ಲಿನ್ನೇಯಸನನ್ನು ದೂಷಿಸಿದಳು. ಅಂದಿನಿಂದ ಲಿನ್ನೇಯಸನು ಮದುವೆಯಾಗದವರನ್ನೇ ಆರಿಸಿ ಕಳುಹಿಸತೊಡಗಿದನು. ಪೆರ್ ಓಸ್ಬೆಕ್ಕನು ಚೀನಕ್ಕೆ ಹೋಗಿ ೧೭೫೨ರಲ್ಲಿ ಹಿಂದಿರುಗಿದುದೂ ಓಲೋಫ್ ಟೊರೇನನು ಸೂರತ್ತಿನ ವರೆಗೆ ಬಂದುದೂ ಹಡಗಿನ ಪಾದ್ರಿಗಳಾಗಿಯೇ. ಹಡಗು ನಿಂತಲ್ಲಿ ಇಳಿಯುವುದು, ಹೊರಟಾಗ ಹತ್ತುವುದು. ಸಂಶೋಧನೆಯ ಅವಧಿಯನ್ನು ಗೊತ್ತುಮಾಡುತ್ತಿದ್ದವರು ವರ್ತಕರು.

ಹಾಸೆಲ್‌ಕ್ವಿಸ್ಟನ ಕಥೆಯು ಇನ್ನೂ ಕರುಣಾಜನಕವಾದುದು. ಪ್ಯಾಲಸ್ಟೈನಿನ ಸಸ್ಯಗಳನ್ನು ಯಾರೂ ಪರೀಕ್ಷಿಸಿಲ್ಲವೆಂದು ಲಿನ್ನೇಯಸನು ಪಾಠದಲ್ಲಿ ಹೇಳಿದುದನ್ನು ಕೇಳಿ, ಬಡವನೂ ರೋಗಿಷ್ಠನೂ ಆಗಿದ್ದ ಈ ಶಿಷ್ಯನು ತಾನು ಹೋಗುವೆನೆಂದು ನಿಂತನು. ವಿಶ್ವವಿದ್ಯಾನಿಲಯದವರಿಂದ ಅಲ್ಲಿಷ್ಟು ಇಲ್ಲಿಷ್ಟು ಕೂಡಿಸಿದ ಹಣದಿಂದ ೧೭೪೯ರಲ್ಲಿ ಹೊರಟು, ಈಜಿಪ್ಟ್ ಪ್ಯಾಲಸ್ಟೈನುಗಳನ್ನು ಸುತ್ತಿ, ೧೭೫೨ರ ಫೆಬ್ರವರಿಯಲ್ಲಿ ಸ್ಮರ್ನಾ ಪಟ್ಟಣದ ಹತ್ತಿರ ಮೂವತ್ತು ತುಂಬಿದ ಸ್ವಲ್ಪಕಾಲದಲ್ಲಿಯೇ ಮೃತನಾದನು. ಸಾಲಗಾರರು ಅವನ ಸಂಗ್ರಹಗಳನ್ನೂ ಬರಹಗಳನ್ನೂ ಹಿಡಿದಿಟ್ಟುಕೊಂಡರು. ಸ್ವೀಡನ್ನಿನ ರಾಣಿಯಾದ ಲೊವೀಸ ಉಲ್ರೀಕಳು ಸಾಲವನ್ನು ತೀರಿಸಿ ಅವುಗಳನ್ನು ಬಿಡಿಸಿಕೊಂಡುದರಿಂದ ಲಿನ್ನೇಯಸನು ೧೭೫೭ರಲ್ಲಿ ಅವುಗಳನ್ನು ಅಚ್ಚು ಹಾಕಿಸಲು ಸಾಧ್ಯವಾಯಿತು. ಮೂರು ವರ್ಷಗಳ ಸಂಶೋಧನೆಯೆಲ್ಲವೂ ಅಡವಿನ ವಸ್ತುವಾಗಿ ಕಳೆದುಹೋಗುವುದರಲ್ಲಿತ್ತು. ಚಿಲ್ಲರೆ ಚಂದಾಹಣದಿಂದ ವಿದ್ಯಾರ್ಥಿಯನ್ನು ಹೊರಡಿಸುವವರು ಈ ಸಂಗತಿಯನ್ನು ಮರೆಯಬಾರದು.

ಈಗ ನೀಬೂರನ ವಿಷಯಕ್ಕೆ ಬರೋಣ. ಅರೇಬಿಯಾಕ್ಕೆ ಹೋಗಲು ಒಪ್ಪಿದಾಗ ಅವನು ಒಂದು ಕರಾರನ್ನು ಹಾಕಿದನು: ಸಿದ್ಧತೆಗಾಗಿ ಒಂದೂವರೆ ವರ್ಷದ ಕಾಲವನ್ನು ಕೊಡಬೇಕು. ಅರಸನು ಕಾಲವನ್ನೂ ಕೊಟ್ಟನು, ಆ ಕಾಲದ ನಿರ್ವಾಹಕ್ಕೆ ವೇತನವನ್ನೂ ಕೊಟ್ಟನು. ಇಡೀ ಸಂಚಾರದಲ್ಲಿ ಇದಕ್ಕಿಂತ ಸಾರ್ಥಕವಾದ ವೆಚ್ಚವು ಬೇರೊಂದಿಲ್ಲವೆಂದು ನಾವು ಹೇಳುವೆವು. ಗಟ್ಟಿಂಗೆನ್ನಿನ ವೇಧಶಾಲೆಯಲ್ಲಿ ಆಗ ಟೋಬಿಯಾಸ್ ಮೇಯರನಿದ್ದನು. ಆಕಾಶದಲ್ಲಿ ಚಂದ್ರನಿಗೂ ನಕ್ಷತ್ರಗಳಿಗೂ ಇರುವ ಅಂತರವನ್ನು ಅಳೆದು, ಅದರಿಂದ ಸ್ಥಳದ ರೇಖಾಂಶವನ್ನು ಕಂಡುಹಿಡಿಯುವ ಕ್ರಮಕ್ಕೆ ಬೇಕಾದ ಚಂದ್ರಗತಿಯ ಕೋಷ್ಟಕಗಳನ್ನು ಸಿದ್ಧಪಡಿಸಿದವನು ಇವನೇ. ಅಕ್ಷಾಂಶವನ್ನು ತಿಳಿಯುವುದು ಸುಲಭ. ರೇಖಾಂಶವು ಆ ಕಾಲದ ನಾವಿಕರಿಗೂ ಭೂಗೋಳಜ್ಞರಿಗೂ ಬಗೆಹರಿಯದ ಒಗಟಾಗಿತ್ತು. ಅದನ್ನು ಬಿಡಿಸಿದವರಿಗೆ ಇಂಗ್ಲೆಂಡಿನ ಪಾರ್ಲಿಮೆಂಟು ೧೭೧೪ರಲ್ಲಿಯೇ ೨೦,೦೦೦ ಪೌಂಡುಗಳ ವರೆಗೆ ಬಹುಮಾನವನ್ನು ಸಾರಿತ್ತು. ಮೇಯರನು ೧೭೬೨ರಲ್ಲಿ ಅಕಾಲಮರಣಕ್ಕೆ ತುತ್ತಾಗಲು, ೧೭೬೫ರಲ್ಲಿ ಅವನ ವಿಧವೆಗೆ ೩,೦೦೦ ಪೌಂಡುಗಳು ಸಂದುವು. ಇಂತಹ ಗುರುವು ನೀಬೂರನೊಬ್ಬನಿಗೆ ಪ್ರತ್ಯೇಕವಾಗಿ ಪಾಠ ಹೇಳಿ, ಅವನು ಕೊಂಡೊಯ್ಯತಕ್ಕ ಪಾದಯಂತ್ರದ ಅಂಶರೇಖೆಗಳನ್ನು ತಾನೇ ಗುರುತುಹಾಕಿಕೊಟ್ಟನು. ಮಿಖಾಯೆಲಿಸನ ಬಳಿ ಆರಂಭಿಸಿದ ಅರಬ್ಬೀ ಪಾಠವು ಮಾತ್ರ ಹೆಚ್ಚು ದೂರ ಸಾಗಲಿಲ್ಲ. ಆ ಭಾಷೆಯನ್ನು ನೀಬೂರನು ಮುಂದೆ ದಾರಿಯಲ್ಲಿ, ಜನರ ಬಾಯಿಂದ ಕಲಿತನು.

ಸಿದ್ಧತೆಗೆ ಹಣ ಕೊಟ್ಟ ಮಾತ್ರಕ್ಕೆ ಎಲ್ಲರೂ ಸಿದ್ಧರಾಗುವರೆಂದು ತಿಳಿಯಬಾರದು. ಭಾಷಾಪಂಡಿತನಾಗಿ ಆರಿಸಲ್ಪಟ್ಟ ಡೇನನಾದ ಫಾನ್ ಹಾವೆನ್ನನಿಗೂ ಅರಸನ ವೇತನವು ಸಿಕ್ಕಿತ್ತು. ಅವನು ರೋಮಿಗೆ ಹೋಗಿ ಅರಬ್ಬಿಯನ್ನು ಓದುತ್ತ ವರ್ಷಗಳನ್ನು ಕಳೆದು ಬಂದನು. ಅವನು ವಿದ್ವಾಂಸನೇ. ಆದರೆ ಅವನ ಸಿದ್ಧತೆಯು ಗ್ರಂಥಾಲಯದ ಸಿದ್ಧತೆ, ನೀಬೂರನದು ಯಂತ್ರವನ್ನು ಕೈಯಲ್ಲಿ ಹಿಡಿದು ರಾತ್ರಿಯಲ್ಲಿ ಆಕಾಶವನ್ನು ನೋಡಿ ಲೆಕ್ಕ ಹಾಕಿದ ಸಿದ್ಧತೆ. ಹೊಲದಲ್ಲಿ ಮಾಡಬೇಕಾದ ಕೆಲಸವನ್ನು ಹೊರಡುವ ಮೊದಲೇ ಮಾಡಿ ನೋಡಿದವನು ಇವನೊಬ್ಬನೇ.

೧೭೬೦ನೆಯ ಇಸವಿ ಡಿಸೆಂಬರ್ ೧೫ನೆಯ ತಾರೀಖು ಅರಸನು ನಿರೂಪವನ್ನು ಹೊರಡಿಸಿದನು. ಅದರಲ್ಲಿ ೪೩ ಕಲಮುಗಳಿದ್ದುವು. ತಂಡದಲ್ಲಿ ಯಾರೊಬ್ಬನೂ ನಾಯಕನಲ್ಲ, ಎಲ್ಲ ಪಂಡಿತರೂ ಸಮಾನರು. ಪ್ರತಿಯೊಬ್ಬನೂ ತನ್ನ ದಿನಚರಿಯನ್ನು ಇಡಬೇಕು. ಸಂಗ್ರಹಿಸಿದ ವಸ್ತುಗಳು ಕೋಪನ್‌ಹೇಗನ್ನಿಗೆ ಬರಬೇಕು. ಈ ಕಡೆಯ ಕಲಮು ಪ್ರಕೃತಿಶಾಸ್ತ್ರಜ್ಞನಾದ ಫಾರ್ಸ್ಕಾಲನಿಗೆ ಕಷ್ಟವಾಯಿತು. ಅವನು ಸ್ವೀಡನ್ನಿನವನು, ಲಿನ್ನೇಯಸನ ಶಿಷ್ಯ. ಗುರುವು ಕಾಯುತ್ತಿದ್ದರೂ ಗಿಡಗಳೆಲ್ಲವೂ ಹಣ ಕೊಟ್ಟ ಅರಸನ ಪಟ್ಟಣಕ್ಕೇ ಹೋಗಬೇಕಾಗಿತ್ತು. ಲಿನ್ನೇಯಸನು ಬಹುಕಾಲದಿಂದ ಹಂಬಲಿಸಿದ್ದ ಸುಗಂಧದ ಬಾಲ್ಸಮ್ ಮರದ ಒಂದು ರೆಂಬೆಯನ್ನು ಮಾತ್ರ ಫಾರ್ಸ್ಕಾಲನು ಕಾಗದದೊಡನೆ ಅವನಿಗೆ ಕಳುಹಿಸಿದನು. ದಾನಿಯ ಹಕ್ಕಿಗೂ ಗುರುವಿನ ಋಣಕ್ಕೂ ನಡುವೆ ಸಿಕ್ಕಿಕೊಂಡ ವಿದ್ಯಾರ್ಥಿಯ ಈ ಸಂಕಟವು ಆ ಕಾಲಕ್ಕೆ ಮಾತ್ರ ಸೇರಿದುದಲ್ಲ.

ಹಣದ ಪೆಟ್ಟಿಗೆಯು ನೀಬೂರನ ವಶಕ್ಕೆ ಬಂದಿತು. ಫಾನ್ ಹಾವೆನ್ನನೂ ಫಾರ್ಸ್ಕಾಲನೂ ಪ್ರೊಫೆಸರ್ ಪದವಿಯನ್ನು ಪಡೆದು ಹೊರಟರು. ತನಗೆ ಆ ಯೋಗ್ಯತೆಯಿಲ್ಲವೆಂದು ನೀಬೂರನು ಅದನ್ನು ನಿರಾಕರಿಸಿ, ಇಂಜಿನಿಯರ್ ದಳದ ಲೆಫ್ಟಿನೆಂಟ್ ಎಂಬ ಹೆಸರಿನಿಂದಲೇ ತೃಪ್ತನಾದನು. ನಾಯಕನಿಲ್ಲದ ತಂಡದಲ್ಲಿ ಲೆಕ್ಕವಿಡುವವನೇ ಮೆಲ್ಲನೆ ಆಧಾರಸ್ತಂಭವಾಗುವುದು ಸಹಜ. ಪಂಡಿತರಿಬ್ಬರೊಳಗಿನ ಮನಸ್ತಾಪವಂತೂ ಬೇಗನೆ ಮಿತಿಮೀರಿತು. ಕಾನ್‌ಸ್ಟಾಂಟಿನೋಪಲಿನಲ್ಲಿ ಫಾನ್ ಹಾವೆನ್ನನು ಪಾಷಾಣವನ್ನು ಕೊಂಡುಕೊಂಡನೆಂದು ಮಿಕ್ಕವರು ಹೆದರಿ ಡೆನ್ಮಾರ್ಕಿನ ರಾಯಭಾರಿಗೆ ದೂರು ಬರೆದರು. ಅದರಿಂದ ಯಾರಿಗೂ ಅಪಾಯವಾಗಲಿಲ್ಲವಾದುದರಿಂದ ಈ ಪ್ರಸಂಗವನ್ನು ಇಲ್ಲಿ ಬೆಳೆಸುವುದಿಲ್ಲ.

೧೭೬೧ರ ಜನವರಿಯಲ್ಲಿ ಕೋಪನ್‌ಹೇಗನ್ನಿನಿಂದ ಯುದ್ಧನೌಕೆಯಲ್ಲಿ ಹೊರಟ ತಂಡವು ಈಜಿಪ್ಟಿನಲ್ಲಿ ಸುಮಾರು ಒಂದು ವರ್ಷ ನಿಂತಿತು. ೧೭೬೨ರ ಸೆಪ್ಟೆಂಬರಿನಲ್ಲಿ ಸೀನಾಯ್ ಪರ್ವತಕ್ಕೆ ಹೋದಾಗ, ಅಲ್ಲಿಯ ಪ್ರಾಚೀನ ಮಠದವರು ಸರಿಯಾದ ಅಧಿಕಾರಪತ್ರವಿಲ್ಲವೆಂದು ಫಾನ್ ಹಾವೆನ್ನನನ್ನೂ ನೀಬೂರನನ್ನೂ ಒಳಕ್ಕೆ ಬಿಡಲಿಲ್ಲ. ಮಿಖಾಯೆಲಿಸನು ಬಹಳ ಆಶೆಯಿಟ್ಟುಕೊಂಡಿದ್ದ ಹಸ್ತಪ್ರತಿಗಳು ಹೀಗೆ ಕಣ್ಣಿಗೂ ಬೀಳದೆ ಹೋದುವು. (ಫಾನ್ ಹಾವೆನ್ನನು ಬೇರೆಡೆಗಳಲ್ಲಿ ಕೊಂಡ ನೂರಕ್ಕೂ ಮಿಕ್ಕ ಹಸ್ತಪ್ರತಿಗಳು ಕೋಪನ್‌ಹೇಗನ್ನಿನ ರಾಜಗ್ರಂಥಾಲಯವನ್ನು ಸೇರಿದುವೆಂಬುದನ್ನು ನ್ಯಾಯಕ್ಕಾಗಿ ಹೇಳಬೇಕು.) ಅದೇ ದಾರಿಯಲ್ಲಿ ನೀಬೂರನು ಸೂಯೆಜ್ ಕೊಲ್ಲಿಯ ನಕ್ಷೆಗೆ ಬೇಕಾದ ಅಳತೆಗಳನ್ನು ತೆಗೆದುಕೊಂಡನು. ಅವನ ಕೆಲಸಕ್ಕೆ ಯಾವ ಮಠದ ಬಾಗಿಲೂ ತೆರೆಯಬೇಕಾಗಿರಲಿಲ್ಲ.

ಯೆಮೆನ್ನಿಗೆ ಬಂದ ಮೇಲೆ ಮೃತ್ಯುವು ಬೆನ್ನಟ್ಟಿತು. ೧೭೬೩ರ ಮೇ ತಿಂಗಳಲ್ಲಿ ಮೋಖಾದಲ್ಲಿ ಫಾನ್ ಹಾವೆನ್ನನೂ ಜುಲೈಯಲ್ಲಿ ಯರೀಮಿನಲ್ಲಿ ಫಾರ್ಸ್ಕಾಲನೂ ಸತ್ತರು. ಮೋಖಾದಿಂದ ಮುಂಬಯಿಗೆ ಬರುವ ಹಡಗಿನಲ್ಲಿ ಚಿತ್ರಕಾರನಾದ ಬೌರೆನ್‌ಫೈಂಡನೂ ಪರಿಚಾರಕನಾದ ಬೆರ್ಗ್ರೆನ್ನನೂ ಸಮುದ್ರದ ಪಾಲಾದರು. ೧೭೬೪ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ವೈದ್ಯನಾದ ಕ್ರಾಮರನೂ ತೀರಿಕೊಂಡನು. ಇದು ಮಲೇರಿಯಾ ಜ್ವರವೆಂದು ಈಗಿನವರು ಹೇಳುತ್ತಾರೆ; ಅದರ ಕಾರಣವು ಆಗ ಯಾರಿಗೂ ತಿಳಿದಿರಲಿಲ್ಲ. ಆರು ಜನರಲ್ಲಿ ಉಳಿದವನು ಲೆಕ್ಕದ ಪುಸ್ತಕವನ್ನೂ ಪಾದಯಂತ್ರವನ್ನೂ ಹಿಡಿದಿದ್ದ ನೀಬೂರನೊಬ್ಬನೇ.

ಮುಂಬಯಿಯಲ್ಲಿ ಅವನು ೧೭೬೩ರ ಸೆಪ್ಟೆಂಬರಿನಿಂದ ೧೭೬೪ರ ಡಿಸೆಂಬರಿನ ವರೆಗೆ ಇದ್ದನು. ನಡುವೆ ಸೂರತ್ತಿಗೂ ಹೋಗಿ ಬಂದನು. ಅರಸನ ನಿರೂಪದಲ್ಲಿ ಹಿಂದೂದೇಶದ ಶೋಧನೆಯು ಇರಲಿಲ್ಲ. ಆದರೂ ಘಾರಾಪುರಿಯ ಗುಹಾಲಯವನ್ನು ಅವನು ಅಳೆದು, ತಳವಿನ್ಯಾಸದ ನಕ್ಷೆಯನ್ನೂ ಶಿಲ್ಪಗಳ ಚಿತ್ರಗಳನ್ನೂ ಬರೆದನು. ಇವು ೧೭೭೮ರಲ್ಲಿ ಪ್ರಕಟವಾದ ಅವನ ಸಂಚಾರಗ್ರಂಥದ ಎರಡನೆಯ ಸಂಪುಟದಲ್ಲಿವೆ. ಆ ಗುಹೆಯ ವಿಷಯವಾಗಿ ಯೂರೋಪಿಯನ್ನರು ಅದಕ್ಕೆ ಮುಂಚೆಯೂ ಬರೆದಿದ್ದರು. ಆದರೆ ಅಳತೆಯ ಕೋಲನ್ನು ಹಿಡಿದು ಬರೆದುದಕ್ಕೂ ಬೆರಗಿನಿಂದ ಬರೆದುದಕ್ಕೂ ಇರುವ ಅಂತರವನ್ನು ನೀಬೂರನ ಫಲಕಗಳಲ್ಲಿ ಕಾಣಬಹುದು. ಇನ್ನೊಂದು ಸಂಗತಿಯೂ ಈ ಪಟ್ಟಣಕ್ಕೆ ಸೇರಿದುದು. ಮಿಖಾಯೆಲಿಸನು ಸಂಚಾರಿಗಳಿಗಾಗಿ ನೂರು ಪ್ರಶ್ನೆಗಳನ್ನು ಬರೆದು ೧೭೬೨ರಲ್ಲಿ ಅಚ್ಚು ಹಾಕಿಸಿದ್ದನು. ತಂಡವು ಹೊರಟು ಒಂದು ವರ್ಷಕ್ಕೂ ಹೆಚ್ಚು ಕಾಲವಾದ ಮೇಲೆ ಅಚ್ಚಾದ ಆ ಪುಸ್ತಕವು ನೀಬೂರನ ಕೈಸೇರಿದುದು ಮುಂಬಯಿಯಲ್ಲಿ, ೧೭೬೪ರಲ್ಲಿ. ಉತ್ತರ ಕೊಡಬೇಕಾಗಿದ್ದ ಭಾಷಾಪಂಡಿತನೂ ಪ್ರಕೃತಿಶಾಸ್ತ್ರಜ್ಞನೂ ಆ ವೇಳೆಗೆ ಯೆಮೆನ್ನಿನ ಮಣ್ಣಿನಲ್ಲಿದ್ದರು.

ಸಹಚರರ ಸಂಗ್ರಹಗಳನ್ನು ಯೂರೋಪಿಗೆ ಕಳುಹಿಸಿದ ಮೇಲೆ ತಾನೂ ಹಡಗನ್ನು ಹತ್ತಿ ಊರು ಸೇರಿದ್ದರೆ ಅವನನ್ನು ಯಾರೂ ತಪ್ಪೆನ್ನುತ್ತಿರಲಿಲ್ಲ. ಅವನು ಹಾಗೆ ಮಾಡಲಿಲ್ಲ. ಮಸ್ಕತ್, ಬೂಷೈರ್, ಷೀರಾಜ್, ಬಸ್ರಾ, ಬಾಗ್ದಾದ್, ಮೋಸುಲ್, ಅಲೆಪ್ಪೊಗಳ ಮೂಲಕ, ಆ ದೇಶದವರ ಉಡುಪನ್ನು ಧರಿಸಿ, ಅಬ್ದುಲ್ಲಾ ಎಂಬ ಹೆಸರಿನಿಂದ, ದೊಡ್ಡ ಪರಿವಾರವಿಲ್ಲದೆ ಮಿತವ್ಯಯದಿಂದ ಸಂಚರಿಸಿದನು. ೧೭೬೫ರ ಮಾರ್ಚಿಯಲ್ಲಿ ಪರ್ಸೆಪೊಲಿಸಿನ ಪಾಳುನಗರದಲ್ಲಿ ಕುಳಿತು ಶಿಲಾಶಾಸನಗಳನ್ನು ಪ್ರತಿಮಾಡಿಕೊಂಡನು. ಆ ಲಿಪಿಯು ಏನೆಂದು ಅವನಿಗೆ ತಿಳಿಯದು. ತಿಳಿಯದುದರಿಂದಲೇ ಊಹಿಸದೆ, ಕಂಡ ಗೆರೆಯನ್ನು ಕಂಡಂತೆ ಬರೆದನು. ಬರೆಯುತ್ತ ಬರೆಯುತ್ತ ಅಲ್ಲಿರುವುದು ಒಂದು ಲಿಪಿಯಲ್ಲ, ಮೂರು ಬಗೆಯ ಲಿಪಿಗಳೆಂಬುದನ್ನು ಗುರುತಿಸಿ, ಅವುಗಳಲ್ಲಿ ಸರಳವಾದುದರ ೪೨ ಚಿಹ್ನೆಗಳನ್ನು ಬೇರ್ಪಡಿಸಿ ತೋರಿಸಿದನು. ೧೮೦೨ರಲ್ಲಿ ಗ್ರೋಟೆಫೆಂಡನು ಆ ಮೊಳೆಯಾಕಾರದ ಲಿಪಿಯಲ್ಲಿ ಪಾರಸೀಕ ಅರಸರ ಹೆಸರುಗಳನ್ನು ಓದಿದುದು ಈ ಪ್ರತಿಗಳ ಬಲದಿಂದಲೇ. ಶಾಸನವನ್ನು ಓದಿದವನ ಹೆಸರು ಉಳಿಯುತ್ತದೆ, ಪಡಿಯಚ್ಚನ್ನು ತೆಗೆದವನ ಹೆಸರು ಮರೆಯಾಗುತ್ತದೆ. ಕನ್ನಡನಾಡಿನ ಶಾಸನಗಳೊಡನೆ ಬಳಕೆಯುಳ್ಳ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಿಸಿಲಿನಲ್ಲಿ ಹೊಳೆಯುವ ಆ ಕಲ್ಲುಗಳನ್ನು ದಿನಗಟ್ಟಲೆ ದಿಟ್ಟಿಸಿದುದರಿಂದ ಅವನ ಕಣ್ಣುಗಳು ಕೆಟ್ಟುವೆಂದು ಮಗನು ಬರೆದಿದ್ದಾನೆ. ಮುಪ್ಪಿನಲ್ಲಿ ಅವನು ಕುರುಡನಾದನು.

೧೭೬೭ರ ನವೆಂಬರಿನಲ್ಲಿ ಅವನು ಕೋಪನ್‌ಹೇಗನ್ನನ್ನು ಮುಟ್ಟಿದಾಗ ಅವನನ್ನು ಕಳುಹಿಸಿದ ಅರಸನು ತೀರಿಕೊಂಡು ಹತ್ತಿರಹತ್ತಿರ ಎರಡು ವರ್ಷಗಳಾಗಿದ್ದುವು. ಬೆರ್ನ್‌ಸ್ಟೋರ್ಫನು ಇನ್ನೂ ಮಂತ್ರಿಯಾಗಿದ್ದನು, ಆದರೆ ೧೭೭೦ರಲ್ಲಿ ಅವನೂ ಅಧಿಕಾರವನ್ನು ಕಳೆದುಕೊಂಡನು. ನಿರೂಪದ ೪೩ ಕಲಮುಗಳಲ್ಲಿ ಹೋಗುವ ದಾರಿ, ಬರುವ ದಾರಿ, ದಿನಚರಿ, ಸಂಗ್ರಹ ಎಲ್ಲಕ್ಕೂ ವಿಧಿಯಿತ್ತು. ತಂದುದನ್ನು ಪ್ರಪಂಚಕ್ಕೆ ಮುಟ್ಟಿಸುವ ಭಾರವು ಮಾತ್ರ ಬದುಕಿ ಉಳಿದವನ ಹೆಗಲ ಮೇಲೆ ಬಿದ್ದಿತು. ಫಾರ್ಸ್ಕಾಲನು ಕಳುಹಿಸಿದ್ದ ಸಂಗ್ರಹಗಳಲ್ಲಿ ಬಹುಭಾಗವು ಆ ವೇಳೆಗೆ ಉಪೇಕ್ಷೆಯಿಂದ ಹಾಳಾಗಿದ್ದಿತು. ಎಲೆಗಳಂತೆ ಒಣಗಿಸಿ ಕಾಗದಕ್ಕೆ ಅಂಟಿಸಿದ್ದ ಮೀನುಗಳ ಚರ್ಮಗಳು ಉಳಿದು, ಇಂದಿಗೂ ಕೋಪನ್‌ಹೇಗನ್ನಿನ ವಸ್ತುಸಂಗ್ರಹಾಲಯದಲ್ಲಿವೆ. ಮೃತಮಿತ್ರನ ಬರಹಗಳನ್ನು ನೀಬೂರನು ೧೭೭೫ರಲ್ಲಿಯೂ ೧೭೭೬ರಲ್ಲಿಯೂ ಪ್ರಕಟಿಸಿದನು. ಈಜಿಪ್ಟ್ ಮತ್ತು ಅರೇಬಿಯಾದ ಸಸ್ಯಗಳ ಗ್ರಂಥವು ಅವುಗಳಲ್ಲಿ ಮುಖ್ಯವಾದುದು. ತನ್ನ ಅರೇಬಿಯಾ ವರ್ಣನೆಯನ್ನು ಅವನು ೧೭೭೨ರಲ್ಲಿಯೇ ಹೊರತಂದಿದ್ದನು; ಮಿಖಾಯೆಲಿಸನ ಪ್ರಶ್ನೆಗಳಿಗೆ ತನಗೆ ಸಾಧ್ಯವಾದ ಉತ್ತರಗಳನ್ನು ಅದರಲ್ಲಿ ಕೊಟ್ಟನು. ಸಂಚಾರಗ್ರಂಥದ ಮೊದಲ ಸಂಪುಟವು ೧೭೭೪ರಲ್ಲಿ ಬಂದಿತು. ಚಿತ್ರಫಲಕಗಳ ಖರ್ಚನ್ನು ಸರ್ಕಾರವು ವಹಿಸಿತು. ಮುದ್ರಣದ ಹೊಣೆಯನ್ನು ಅವನೇ ಹೊತ್ತನು. ಇಂಗ್ಲಿಷಿಗೆ ೧೭೯೨ರಲ್ಲಿ ಭಾಷಾಂತರವಾದಾಗ ಆ ಪುಸ್ತಕವನ್ನು ಬಹಳವಾಗಿ ಸಂಕ್ಷೇಪಿಸಿದರು. ಅಳತೆಗಳನ್ನು ಬಿಟ್ಟು ಕಥೆಯನ್ನು ಉಳಿಸಿಕೊಂಡ ಆ ರೂಪದಲ್ಲಿಯೇ ಅನೇಕರು ನೀಬೂರನನ್ನು ಬಲ್ಲರು.

ಮೇಯರನ ಕ್ರಮದಿಂದ ಅವನು ತೆಗೆದ ರೇಖಾಂಶಗಳ ಗತಿಯು ಇದಕ್ಕಿಂತ ಶೋಚನೀಯವಾದುದು. ಒಂದೂವರೆ ವರ್ಷದ ಸಿದ್ಧತೆಯ ಹಣವು ಸಂದುದು ಮುಖ್ಯವಾಗಿ ಇವುಗಳಿಗಾಗಿ. ಅವನ ಕೆಂಪುಸಮುದ್ರದ ನಕ್ಷೆಯು ನಾವಿಕರಿಗೆ ಬಹುಕಾಲ ಉಪಯೋಗವಾಯಿತೆಂಬುದು ನಿಜ. ಆದರೆ ಅದಕ್ಕೆ ಆಧಾರವಾದ ಚಂದ್ರವೇಧಗಳ ಲೆಕ್ಕವು ಪೆಟ್ಟಿಗೆಯಲ್ಲಿಯೇ ಉಳಿದು, ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜ್ಯೋತಿರ್ವಿದನಾದ ಫಾನ್ ಝಾಖನು ತನ್ನ ಮಾಸಪತ್ರಿಕೆಯಲ್ಲಿ ಪ್ರಕಟಿಸುವ ವರೆಗೆ ಬೆಳಕನ್ನು ಕಾಣಲಿಲ್ಲ. ೧೮೦೨ರಲ್ಲಿ ಫ್ರಾನ್ಸಿನ ವಿದ್ವತ್ಪರಿಷತ್ತು ಅವನನ್ನು ಪರದೇಶದ ಸದಸ್ಯನನ್ನಾಗಿ ಆರಿಸಿಕೊಂಡಿತು.

ಆಗ ಅವನಿದ್ದುದು ಪಂಡಿತರ ನಗರದಲ್ಲಲ್ಲ. ೧೭೭೮ರಲ್ಲಿಯೇ ಅವನು ಕೋಪನ್‌ಹೇಗನ್ನನ್ನು ಬಿಟ್ಟು ಹೋಲ್‌ಸ್ಟೈನಿನ ಮೆಲ್ಡೋರ್ಫ್ ಎಂಬ ಸಣ್ಣ ಊರಿಗೆ ಬಂದು, ಸೀಮೆಯ ಕಂದಾಯದ ಲೆಕ್ಕವನ್ನಿಡುವ ಅಧಿಕಾರಿಯಾಗಿ ನಿಂತಿದ್ದನು. ಅಲ್ಲಿಯೇ ೧೮೧೫ರಲ್ಲಿ ತೀರಿಕೊಂಡನು. ಅಲೆಪ್ಪೊದಿಂದ ಮುಂದಣ ಪ್ರಯಾಣವನ್ನೂ ಸೈಪ್ರಸ್, ಪ್ಯಾಲಸ್ಟೈನುಗಳ ವಿವರಗಳನ್ನೂ ಒಳಗೊಂಡ ಮೂರನೆಯ ಸಂಪುಟವು ಹಸ್ತಪ್ರತಿಯಾಗಿ ಅವನ ಮನೆಯಲ್ಲಿಯೇ ಇದ್ದಿತು. ಅದನ್ನು ಗ್ಲೋಯರ್ ಮತ್ತು ಓಲ್ಸ್‌ಹೌಸೆನ್ ಎಂಬ ಇಬ್ಬರು ಸಂಪಾದಕರು ಹ್ಯಾಂಬರ್ಗಿನಲ್ಲಿ ಅಚ್ಚು ಹಾಕಿಸಿದುದು ೧೮೩೭ರಲ್ಲಿ, ಅವನು ಪ್ರಯಾಣದಿಂದ ಹಿಂದಿರುಗಿದ ಎಪ್ಪತ್ತು ವರ್ಷಗಳ ಮೇಲೆ.